ಪಂಪ್ ಬಂದ್ ಮಾಡಿ

ಒಂದೇ ಸುದ್ದಿ ಪ್ರತಿ ಮನೆಯಲ್ಲೂ ಬೇರೆ ಬೇರೆಯಾಗಿ ಬಂದರೆ ಏನಾಗುತ್ತದೆ? ನಮ್ಮ ಸಿಡಿಲು ವಾಹಿನಿಯ ಯಜಮಾನರು ಈ ಪ್ರಶ್ನೆ ಹಾಕಿಕೊಂಡಾಗ ಅವರಿಗೆ ಹೊಳೆದದ್ದು ಇಷ್ಟು: ನೋಡುವವರು ಹೆಚ್ಚುತ್ತಾರೆ. ನನಗೆ ಹೊಳೆದದ್ದು ಬೇರೆ. ಯಾರಿಗೆ ಏನು ಹೇಳಿದೆವು ಎಂದು ಆಮೇಲೆ ಯಾರಿಗೂ ತಿಳಿಯುವುದಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ. ಹುಬ್ಬಳ್ಳಿಯ ನಮ್ಮ ಕಚೇರಿಯ ನೆಲಮಾಳಿಗೆಗೆ 'ಮನೆಮಾತು' ಬಂದು ಕೂತಿತು.

ಮನೆಮಾತು ಎಂದರೆ ತಣ್ಣನೆ ಕೋಣೆಯಲ್ಲಿ ಗುಂಯ್‌ಗುಡುವ ಯಂತ್ರಗಳ ಸಾಲು. ನಾನು, ಗಂಗಾಂಬಿಕಾ, ಅದಕ್ಕೆ ಬೀಜಸಾಲು ಬರೆಯುವವಳು. ಸುದ್ದಿಯ ತಿರುಳು ನಾಲ್ಕಾರು ಚಿಕ್ಕ ಸಾಲುಗಳಲ್ಲಿ, ಅಷ್ಟೇ. ಯಂತ್ರ ಅದನ್ನು ಬಿತ್ತಿ ಮನೆಮನೆಗೆ ಬೇರೆ ಬೆಳೆ ತೆಗೆಯುತ್ತದೆ. ನಿಮ್ಮ ಟಿವಿಯ ಕೆಳಗಿನ ಪೆಟ್ಟಿಗೆಗೆ ನಿಮ್ಮ ಮನೆಯಲ್ಲಿ ಇಂಟರ್ನೆಟ್ಟಿಗೆ ಕಟ್ಟಿದ ಸಾಮಾನು ಯಾವುದೆಲ್ಲ ಇದೆ ಎಂದು ಗೊತ್ತು. ಯಾವ ಮಾತಿಗೆ ನಿಮ್ಮ ಕೈ ರಿಮೋಟಿಗೆ ಹೋಗುತ್ತದೆ, ಯಾವ ಮಾತಿಗೆ ಕೈಯಲ್ಲಿದ್ದ ತುತ್ತು ಅಲ್ಲೇ ನಿಲ್ಲುತ್ತದೆ ಎಂಬುದೂ ಗೊತ್ತು. ಸುದ್ದಿ ಓದುವ ಹುಡುಗಿಯೂ ಯಂತ್ರದ ಕೂಸೇ. ಅವಳ ಸೀರೆ, ಮುಖ, ದನಿ ಎಲ್ಲ ಆಯಾ ಮನೆಗೆ ಒಪ್ಪುವಂತೆ ಬದಲಾಗುತ್ತವೆ. ಸರ್ಕಾರ ಹಾಕಿದ ಕಟ್ಟುಪಾಡು ಒಂದೇ: ಬೀಜಸಾಲಿನಲ್ಲಿ ಇಲ್ಲದ ಸಂಗತಿಯನ್ನು ಯಂತ್ರ ಹೇಳಬಾರದು. ಪದ ಆರಿಸಬಹುದು, ಹಿಂದುಮುಂದು ಮಾಡಬಹುದು, ಚಿತ್ರ ಜೋಡಿಸಬಹುದು, ಸುಳ್ಳು ಹೇಳುವಂತಿಲ್ಲ. ಸುಳ್ಳು ಹೇಳದೆಯೇ ಏನೆಲ್ಲ ಮಾಡಬಹುದು ಎಂಬುದು ಆ ಕಟ್ಟುಪಾಡು ಹಾಕಿದವರಿಗೆ ಹೊಳೆಯಲಿಲ್ಲವೋ, ಹೊಳೆದೂ ಸುಮ್ಮನಾದರೋ, ನನಗೆ ಇವತ್ತಿಗೂ ಅನುಮಾನವಿದೆ.

ಅನುಮಾನ ನನ್ನ ಹುಟ್ಟುಗುಣ. ಹಾಲಿನವನು ನಕ್ಕರೆ ಇವತ್ತು ನೀರು ಜಾಸ್ತಿ ಹಾಕಿದ್ದಾನೆ ಅಂದುಕೊಳ್ಳುವವಳು ನಾನು. ಇಪ್ಪತ್ತು ವರ್ಷ ಸುದ್ದಿಮನೆಯಲ್ಲಿ ಕೂತು ಅದು ಇನ್ನಷ್ಟು ಬಲಿತಿದೆ.

ಆ ಶನಿವಾರ ಬೆಳಿಗ್ಗೆ ಕೃಷಿ ಇಲಾಖೆಯ ಪ್ರಕಟಣೆಯೊಂದು ಬಂತು. ಹೊಲದ ಪಂಪ್‌ಸೆಟ್ಟನ್ನು ಮನೆಯಿಂದಲೇ ಚಾಲೂ ಮಾಡುವ ಮೊಬೈಲ್ ಸ್ಟಾರ್ಟರ್ ಇದೆಯಲ್ಲ, ಅದರೊಳಗೆ ಮಾಲ್‌ವೇರ್ ಹೊಕ್ಕಿದೆ. ಬಾವಿಯಲ್ಲಿ ನೀರಿಲ್ಲದಿದ್ದರೂ ಇದೆ ಎಂದು ತಪ್ಪು ಅಳತೆ ತೋರಿಸುತ್ತದೆ, ಮೋಟಾರು ಒಣಗಿಯೇ ಓಡಿ ಸುಡುತ್ತದೆ. ಹೊಸ ತಂತ್ರಾಂಶ ಬರುವವರೆಗೆ ಬಂದ್ ಇಡಿ. ಕಂಪನಿಯವರೆಂದು ಹೇಳಿ ಯಾರಾದರೂ ಫೋನ್ ಮಾಡಿ ಚಾಲೂ ಮಾಡಿ ಎಂದರೆ ನಂಬಬೇಡಿ. ಸರಳ ಸಂಗತಿ. ಆದರೆ ಸರಳ ಸಂಗತಿ ಕಂಡರೆ ನಮ್ಮ ಸಂಪಾದಕ ಕಾಖಂಡಕಿಯವರಿಗೆ ಹೊಟ್ಟೆಶೂಲೆ ಬರುತ್ತದೆ.

"ಮಾಲ್‌ವೇರು ಅಂದ್ರ ಯಾರಿಗೆ ತಿಳೀತದರಿ ಗಂಗಾಬಾಯಿ? ಜಿಗಣಿ ಅಂತ ಬರೀರಿ. ಜಿಗಣಿ ಅಂದ್ರ ಮಂದಿ ಕಾಲು ಮ್ಯಾಲ ಎತ್ತಿಕೊಂಡು ಕೂಡ್ತಾರ."

"ಸರ, ಅದು ರಕ್ತ ಹೀರಂಗಿಲ್ರಿ. ಮೋಟರ್ ಸುಡತೈತಿ, ಅಷ್ಟ."

"ಅಷ್ಟ ಅಂದ್ರ ಯಾರು ನೋಡ್ತಾರ?"

ಅಷ್ಟರಲ್ಲಿ ಸ್ಟುಡಿಯೋದಲ್ಲಿ ನಮ್ಮ ಕಾಯಂ ಸೈಬರ್ ತಜ್ಞರು ಬಂದು ಕೂತಾಗಿತ್ತು. ಯಾವ ಮಾಲ್‌ವೇರ್ ಬಂದರೂ ಅವರಿಗೆ ಮೊದಲೇ ಗೊತ್ತಿರುತ್ತದೆ, ಯಾವುದಕ್ಕೂ ಅವರದೇ ಆ್ಯಪ್ ಮದ್ದು. ಹಿಂದಿನ ಪರದೆಯ ಮೇಲೆ ಎಂದಿನಂತೆ ಕರಿ ಟೊಪ್ಪಿಗೆಯೊಳಗೆ ಮುಖ ಮುಚ್ಚಿಕೊಂಡ ಒಬ್ಬ ಕಳ್ಳ, ಅವನ ಸುತ್ತ ಸುರಿಯುವ ಹಸಿರು ಅಕ್ಷರ. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿನಲ್ಲಿ ಯಾವ ಕಳ್ಳ ಅಂಥ ಟೊಪ್ಪಿಗೆ ಹಾಕಿಕೊಂಡು ಕೂಡುತ್ತಾನೋ ದೇವರೇ ಬಲ್ಲ.

ನಾನು ಬರೆದೆ: 'ಪಂಪ್‌ಗೆ ಜಿಗಣೆ. ತಪ್ಪು ಅಳತೆ ತೋರಿಸಿ ಒಳಗೊಳಗೇ ಸುಡುತ್ತದೆ. ತಕ್ಷಣ ಪಂಪ್ ಬಂದ್ ಮಾಡಿ. ಚಾಲೂ ಮಾಡಿ ಎಂದು ಯಾರೇ ಫೋನ್ ಮಾಡಿದರೂ ನಂಬಬೇಡಿ.'

ಪಂಪ್‌ಸೆಟ್ ಎಂದು ಬರೆಯಲಿಲ್ಲ. ನಮ್ಮ ಡೆಸ್ಕಿನಲ್ಲಿ ಯಾರೂ ಬರೆಯುವುದಿಲ್ಲ. ಟಿವಿಯ ಕೆಳಗೆ ಪಟ್ಟಿ ಓಡುತ್ತಿದ್ದ ಕಾಲದಿಂದ ಆ 'ಸೆಟ್' ಜಾಗ ತಿನ್ನುತ್ತದೆಂದು ಕತ್ತರಿಸಿ ಒಗೆಯುವುದು ರೂಢಿ. ನಮ್ಮ ಕಡೆ ಪಂಪ್ ಅಂದರೆ ಹೊಲದ್ದೇ, ಬೇರೆ ಯಾವುದಿರುತ್ತದೆ?

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರೆ ಕೈ ತೊಳೆಯಲು ನಲ್ಲಿಯಲ್ಲಿ ನೀರಿಲ್ಲ. ಅತ್ತೆ ಸೋಫಾದ ಮೇಲೆ ಕಾಲು ಎತ್ತಿಕೊಂಡೇ ಕೂತಿದ್ದರು.

"ಮೋಟರ್ ಬಂದ್ ಮಾಡೀನವಾ. ಪಂಪಿಗೆ ಜಿಗಣಿ ಬಂದಾವಂತ."

"ಅತ್ತಿ, ಅದು ಹೊಲದ ಪಂಪಿನ ಸುದ್ದಿ."

"ಹೊಲ ಅಂತ ಯಾರ ಹೇಳಿದ್ರು? ಮಾಳಿಗಿ ಮ್ಯಾಲಿನ ನೀರಿನ ಟಾಕಿ ತೋರಿಸಿದ್ರು. ನಮ್ಮದ ಟಾಕಿ ಇದ್ದಂಗಿತ್ತು."

ನಾನು ಟಾಕಿಯ ಬಗ್ಗೆ ಒಂದಕ್ಷರ ಬರೆದಿರಲಿಲ್ಲ. ಯಾರೋ ನನ್ನ ಸಾಲು ತಿದ್ದಿದ್ದಾರೆ ಎಂಬ ಗುಮಾನಿ ಬಂತು. ಕಾಖಂಡಕಿಯವರೇ? ಆ ತಜ್ಞರೇ? ನೀರಿನ ಮೋಟಾರು ಮಾರುವವರು ಯಾರಾದರೂ ಕೈ ಬಿಸಿ ಮಾಡಿದರೇ? ಅಷ್ಟರಲ್ಲಿ ಪಕ್ಕದ ಮನೆಯ ಸುಲೋಚನಾ ಟೀಚರ್ ಸ್ಕೂಟರ್ ಕೀಲಿ ತಿರುಗಿಸುತ್ತ ಬಾಗಿಲಿಗೆ ಬಂದರು.

"ಗಂಗಾ, ಇವತ್ತ ಪೆಟ್ರೋಲ್ ಪಂಪ್ ಎಲ್ಲಾ ಬಂದ್ ಅಂತಲ್ಲ? ಅಳತಿ ತಪ್ಪ ತೋರಸ್ತಾವಂತ. ನಿಮ್ಮ ಟಿವ್ಯಾಗ ಈಗ ನೋಡಿದೆ."

ಆಗ ನನ್ನ ಗುಮಾನಿಯೆಲ್ಲ ಒಂದೇ ಕಡೆ ತಿರುಗಿತು. ಯಾರೂ ತಿದ್ದಿಲ್ಲ. ಹೊಲವಿದ್ದ ಮನೆಗೆ ಹೊಲದ ಪಂಪ್, ಟಾಕಿ ಇದ್ದ ಮನೆಗೆ ಟಾಕಿಯ ಪಂಪ್, ಸ್ಕೂಟರ್ ಇದ್ದ ಮನೆಗೆ ಪೆಟ್ರೋಲ್ ಪಂಪ್. ಯಂತ್ರ ನನ್ನ ಪದವನ್ನು ಹಿಡಿದುಕೊಂಡು ಎಲ್ಲಿ ಹೆಚ್ಚು ಹೆದರಿಕೆ ಹುಟ್ಟುತ್ತದೋ ಅಲ್ಲಿಗೆ ಅಂಟಿಸುತ್ತ ಹೋಗಿದೆ. ಇನ್ನೂ ಯಾರ ಮನೆಯಲ್ಲಿ ಎಂಥ ಪಂಪ್ ಇದೆ ಎಂದು ಯೋಚಿಸಿದೆ.

ನನ್ನ ತಂಗಿ ನೀಲಾಂಬಿಕಾ ಬ್ಯಾಡಗಿಯಲ್ಲಿದ್ದಾಳೆ. ಚಿಕ್ಕಂದಿನಲ್ಲೇ ಅವಳಿಗೆ ಸಕ್ಕರೆ ಕಾಯಿಲೆ. ಅವಳ ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ಇಲ್ಲ. ಸೊಂಟಕ್ಕೆ ಕಟ್ಟಿದ ಬೆಂಕಿಪೊಟ್ಟಣದಷ್ಟು ದೊಡ್ಡ ಪಂಪ್ ಹಗಲೂ ರಾತ್ರಿ ಹನಿಹನಿಯಾಗಿ ಇನ್ಸುಲಿನ್ ಬಿಡುತ್ತದೆ, ತೋಳಿನ ಬಿಲ್ಲೆ ಸಕ್ಕರೆಯನ್ನು ಅಳೆಯುತ್ತದೆ. ಪಂಪ್ ನಿಂತರೆ ಕೆಲವೇ ತಾಸಿನಲ್ಲಿ ರಕ್ತ ಹುಳಿಯಾಗುತ್ತದೆ. ವಾಂತಿ, ಏದುಸಿರು, ಆಮೇಲೆ ಎಚ್ಚರ ತಪ್ಪುವುದು, ಆಮೇಲೆ ಸಾವು. ಅವಳು ಆರನೇ ಇಯತ್ತೆಯಲ್ಲಿದ್ದಾಗ ಒಮ್ಮೆ ಹಾಗೆ ಆಗಿ ಅಪ್ಪ ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಓಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಫೋನ್ ಮಾಡಿದೆ.

"ನೀಲಾ, ನಾನ, ಅಕ್ಕ. ನಿನ್ನ ಪಂಪ್ ಚಾಲೂ ಐತಿಲ್ಲ?"

ಉತ್ತರಕ್ಕೆ ಕಾಯದೆ ಮುಂದುವರಿಸಿದೆ.

"ಬಂದ್ ಮಾಡಿದ್ರ ಈಗಿಂದೀಗ ಚಾಲೂ ಮಾಡು. ಆ ಸುದ್ದಿ ನಿನ್ನ ಪಂಪಿಂದಲ್ಲ."

ನೀಲಾ ಪಾಠ ಒಪ್ಪಿಸುವವಳ ಹಾಗೆ ಒಂದೊಂದೇ ಪದ ಬಿಡಿಸಿ ಹೇಳಿದಳು: "ದನಿ ನಮ್ಮವರದು, ನೀವು ನಮ್ಮವರಲ್ಲ." ಫೋನಿಟ್ಟಳು. ಮತ್ತೆ ಮಾಡಿದರೆ ಕರೆ ಹೋಗಲಿಲ್ಲ, ನನ್ನ ನಂಬರನ್ನೇ ಬ್ಲಾಕ್ ಮಾಡಿದ್ದಳು.

ಆ ಮಾತು ನನ್ನದೇ. ಯಂತ್ರದಿಂದ ಮನೆಯವರ ದನಿ ಮಾಡಿ ಫೋನಿನಲ್ಲಿ ಮೋಸ ಮಾಡುವ ಕಳ್ಳರು ಅಲ್ಲೊಬ್ಬ ಇಲ್ಲೊಬ್ಬ ಸಿಕ್ಕಿಬಿದ್ದಾಗ ನಮ್ಮ ವಾಹಿನಿ ಆರು ತಿಂಗಳು 'ದನಿಕಳ್ಳರು' ಅಭಿಯಾನ ನಡೆಸಿತ್ತು. ಅದರ ಘೋಷವಾಕ್ಯ ನಾನು ಬರೆದದ್ದು. ಶಾಲೆಯ ಮಕ್ಕಳು ಪ್ರಾರ್ಥನೆಯಾದ ಮೇಲೆ ಅದನ್ನು ಹೇಳುತ್ತಿದ್ದರು, ನಾನು ಹೆಮ್ಮೆಪಟ್ಟಿದ್ದೆ. ನೀಲಾಳ ಗಂಡ ಮಾಂತೇಶ ರೈಲ್ವೆ ಗ್ಯಾಂಗಿನವನು, ಹಳಿಯ ಮೇಲಿದ್ದಾಗ ಫೋನ್ ಮುಟ್ಟುವಂತಿಲ್ಲ. ಆಂಬುಲೆನ್ಸ್ ಕಳಿಸಿದರೆ ಅವಳು ಬಾಗಿಲು ತೆಗೆಯುತ್ತಾಳೆಂಬ ನಂಬಿಕೆ ನನಗಿರಲಿಲ್ಲ. ಅವಳು ನಂಬುವುದು ಟಿವಿಯನ್ನು, ಅಲ್ಲೇ ತಿದ್ದಬೇಕು ಎಂದುಕೊಂಡು ಉಣ್ಣದೆ ಕಚೇರಿಗೆ ಓಡಿದೆ.

ನೆಲಮಾಳಿಗೆಯಲ್ಲಿ ಮನೆಮಾತನ್ನು ನೋಡಿಕೊಳ್ಳುವ ಎಂಜಿನಿಯರ್ ಇಮ್ತಿಯಾಜ್ ಬೇಪಾರಿ ಚಹಾ ಕುಡಿಯುತ್ತಿದ್ದ. ನೀಲಾಳ ಮನೆಗೆ ಹೋದ ಸುದ್ದಿಯನ್ನು ತೆರೆದು ತೋರಿಸಿದ. ಅಲ್ಲಿ ಓದುವ ಹುಡುಗಿ ಡಾಕ್ಟರರ ಬಿಳಿ ಕೋಟು ತೊಟ್ಟಿದ್ದಳು. ಹಿಂದೆ ಒಂದು ಸೊಂಟ, ಅದಕ್ಕೆ ಅಂಟಿದ ಪುಟ್ಟ ಪೆಟ್ಟಿಗೆ, ಕೆಂಪು ಹನಿ. 'ಪಂಪ್‌ಗೆ ಜಿಗಣೆ. ತಪ್ಪು ಅಳತೆ ತೋರಿಸಿ ಒಳಗೊಳಗೇ ಸುಡುತ್ತದೆ.' ಅಂದರೆ ಈಗ ಸಕ್ಕರೆ ಏರಿದೆ ಎಂದು ತೋಳಿನ ಬಿಲ್ಲೆ ಎಷ್ಟು ಕೂಗಿಕೊಂಡರೂ ನೀಲಾ ನಂಬುವುದಿಲ್ಲ. ಅದು ಜಿಗಣೆಯ ಆಟ ಅಂದುಕೊಂಡು ಸೂಜಿಯನ್ನೂ ಚುಚ್ಚಿಕೊಳ್ಳುವುದಿಲ್ಲ.

"ಇದು ಸುಳ್ಳು, ಇಮ್ತಿಯಾಜ್!"

"ಸುಳ್ಳು ಎಲ್ಲೈತ್ರಿ ಮೇಡಂ? ಹುಡುಕ್ರಿ. ಒಂದೊಂದ ಪದಾನೂ ನಿಮ್ದ ಐತಿ." ಅವನು ಮತ್ತೊಂದು ಪಟ್ಟಿ ತೆರೆದ. "ಇಂಥಾ ಪಂಪ್ ಇರೋ ಮನಿ ನಾಕ ಸಾವಿರದ ಮ್ಯಾಲ ಅದಾವ್ರಿ."

ಕಾಖಂಡಕಿಯವರನ್ನು ಕರೆತಂದೆ. ಅವರು ಪರದೆ ನೋಡಿದರು, ಅದಕ್ಕಿಂತ ಹೆಚ್ಚು ಹೊತ್ತು ಪಕ್ಕದ ಗೆರೆ ನೋಡಿದರು. ನೋಡುಗರ ಗೆರೆ ಮೇಲೆ ಹತ್ತುತ್ತಿತ್ತು.

"ನಾವು ಇನ್ಸುಲಿನ್ ಅಂತ ಎಲ್ಲಿಯರೆ ಅಂದೇವೇನ್ರಿ?"

"ನನ್ನ ತಂಗಿ ಸಾಯ್ತಾಳ್ರಿ ಸರ."

"ಛೇ, ಹಂಗ ಅನಬ್ಯಾಡ್ರಿ. ಒಂದು ಸ್ಪಷ್ಟೀಕರಣ ಹಾಕ್ರಿ. ತಪ್ಪು ಅನ್ನೋ ಶಬ್ದ ಮಾತ್ರ ಬ್ಯಾಡ. ತಪ್ಪು ಅಂದ್ರ ನಾಳೆ ವಕೀಲರು ಬರ್ತಾರ."

ಬರೆದೆ: 'ಇನ್ಸುಲಿನ್ ಪಂಪ್‌ಗೆ ಯಾವ ಅಪಾಯವೂ ಇಲ್ಲ. ಬಂದ್ ಮಾಡಬೇಡಿ ಎಂದು ಸಿಡಿಲು ವಾಹಿನಿ ಹೇಳುತ್ತಿದೆ.' ಯಂತ್ರ ಅದನ್ನು ನುಂಗಿ ತೂಗಿತು. ಎಲ್ಲಕ್ಕಿಂತ ಕೆಳಗೆ, ಹವಾಮಾನದ ಆಚೆ ಎಸೆಯಿತು. ಅಪಾಯವಿಲ್ಲ ಎನ್ನುವ ಸುದ್ದಿಯ ಮುಂದೆ ಯಾರು ಕೂಡುತ್ತಾರೆ?

"ಮೇಡಂ," ಇಮ್ತಿಯಾಜ್ ದನಿ ತಗ್ಗಿಸಿದ. ಕಾಖಂಡಕಿಯವರು ಹೊರಟುಹೋಗಿದ್ದರು. "ನೀವು ಹೂಂ ಅನ್ರಿ, ಮೇನ್ ವಾಯರ್ ಕಿತ್ತು ಒಗೀತೇನಿ. ಎಲ್ಲಾ ಮನ್ಯಾಗೂ ಒಮ್ಮೆಲೆ ಕತ್ತಲಿ. ನೌಕರಿ ಹೋದ್ರ ಹೋಗ್ಲಿ."

ನಾನು ಹೂಂ ಎನ್ನುವವಳಿದ್ದೆ. ಆಗಲೇ ಪರದೆ ಮಿಟುಕಿತು. ನನ್ನ ಸಾಲು ತಳದಿಂದ ಮೇಲೆದ್ದು, ಎಲ್ಲ ಸುದ್ದಿಗಳನ್ನೂ ಹಿಂದೆ ಹಾಕಿ, ಮೊದಲನೆಯದಾಗಿ ನಿಂತಿತು.

"ಅರೇ," ಎಂದ ಇಮ್ತಿಯಾಜ್. "ಹಿಂಗ್ಯಾಕ ಮಾಡ್ತು ಇದು?"

ಯಾಕೆ ಎಂದು ನಾನೂ ಕೇಳಬೇಕಿತ್ತು. ಹಾಲಿನವನ ನಗುವನ್ನೂ ಬಿಡದವಳು ಈ ಯಂತ್ರದ ಒಳ್ಳೆಯತನವನ್ನು ಅನುಮಾನಿಸಬೇಕಿತ್ತು. ಆದರೆ ತಲೆಯ ತುಂಬ ನೀಲಾ ಇದ್ದಳು, ಹೋಗಿ ಮುಟ್ಟಿದರೆ ಸಾಕಾಗಿತ್ತು.

"ವಾಯರ್ ಬ್ಯಾಡ ಬಿಡು. ಮೊದಲನೇದ ಹೊಂಟೈತಲ್ಲ, ಎಲ್ಲಾರೂ ನೋಡ್ತಾರ," ಎಂದು ಹೇಳಿ ಕಾರು ಹತ್ತಿದೆ.

ಬ್ಯಾಡಗಿ ಒಂದೂವರೆ ತಾಸಿನ ದಾರಿ. ಊರು ಹೊಗುತ್ತಿದ್ದಂತೆ ಮೆಣಸಿನಕಾಯಿ ಘಾಟಿಗೆ ಕಣ್ಣಲ್ಲಿ ನೀರು ಬಂತು. ಘಾಟು ಇಲ್ಲದಿದ್ದರೂ ಬರುತ್ತಿತ್ತು. ನೀಲಾಳ ಮನೆಯ ಬಾಗಿಲು ಒಳಗಿನಿಂದ ಭದ್ರವಾಗಿತ್ತು. ಗಂಟೆ ಒತ್ತಿದೆ, ಬಡಿದೆ, ಕೂಗಿದೆ. ಬಾಗಿಲ ಕ್ಯಾಮೆರಾ ಕೆಂಪಗೆ ಉರಿಯುತ್ತಿತ್ತು, ಅಂದರೆ ಒಳಗಿನ ಪರದೆಯಲ್ಲಿ ಅವಳು ನನ್ನನ್ನು ನೋಡುತ್ತಿದ್ದಾಳೆ. ಕ್ಯಾಮೆರಾದಲ್ಲಿ ಕಾಣುವ ಮುಖವನ್ನೂ ನಂಬಬಾರದೆಂದು ಹೋದ ತಿಂಗಳು ನಾವು ಇಡೀ ವಾರ ಹೇಳಿದ್ದೆವು.

ಎದುರುಮನೆಯ ದ್ರಾಕ್ಷಾಯಣವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು. "ಯಾರವಾ ನೀ? ಹಿಂಗ ಬಾಗಲಾ ಬಡದ್ರ ಪೊಲೀಸರ್ನ ಕರೀತೇನಿ ನೋಡು."

"ನಾ ಆಕಿ ಅಕ್ಕರಿ, ಹುಬ್ಬಳ್ಳ್ಯಾಕಿ."

"ಎಲ್ಲಾರೂ ಹಂಗ ಹೇಳ್ತಾರ."

ಮನೆಯ ಬದಿಗೆ ಓಡಿದೆ. ಮಲಗುವ ಕೋಣೆಯ ಕಿಟಕಿ ತುಸು ತೆರೆದಿತ್ತು. ಒಳಗೆ ನೀಲಾ ಮಂಚದ ಪಕ್ಕ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಬಕೆಟ್ಟು. ತುಟಿ ಒಣಗಿ ಬಿಳಿಚಿಕೊಂಡಿತ್ತು, ಎದೆ ಜೋರಾಗಿ ಏರಿಳಿಯುತ್ತಿತ್ತು. ತೋಳಿನ ಬಿಲ್ಲೆ ಒಂದೇ ಸಮನೆ ಕಿರುಗುಡುತ್ತಿತ್ತು.

"ನೀಲಾ!"

"ಹೋಗ್ರಿ," ಎಂದಳು. ದನಿ ಸೋತಿತ್ತು. "ನಮ್ಮ ಅಕ್ಕನ ಗತೆ ದನಿ ಮಾಡಬ್ಯಾಡ್ರಿ. ಕೈ ಮುಗೀತೇನಿ."

ಅವಳು ನನ್ನನ್ನು 'ರಿ' ಎಂದು ಕರೆದದ್ದು ಅದೇ ಮೊದಲು. ನನಗೆ ಅಳು ತಡೆಯಲಾಗಲಿಲ್ಲ. ಏನು ಹೇಳಿದರೂ ದನಿಕಳ್ಳರು ಹೇಳಬಹುದು. ಸುಮ್ಮನೆ ಕಿಟಕಿಯ ಸರಳಿನೊಳಗೆ ಕೈ ತೂರಿಸಿ, ಆದಷ್ಟು ಒಳಗೆ ಚಾಚಿ ನಿಂತೆ. ಕೈಯನ್ನೂ ನಕಲು ಮಾಡಬಹುದೆಂದು ನಾವಿನ್ನೂ ಸುದ್ದಿ ಮಾಡಿರಲಿಲ್ಲ.

ಎಷ್ಟೋ ಹೊತ್ತಾದ ಮೇಲೆ ಅವಳು ನೆಲದ ಮೇಲೆ ತೆವಳುತ್ತ ಬಂದಳು. ಒಂದು ಬೆರಳಿನಿಂದ ಮುಟ್ಟಿದಳು. ಆಮೇಲೆ ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ಹಣೆಗೆ ಒತ್ತಿಕೊಂಡಳು. "ಅಕ್ಕಾ," ಎಂದಳು.

ಬಾಗಿಲು ತೆಗೆಸಿ ಒಳಗೆ ಹೋದೆ. ದ್ರಾಕ್ಷಾಯಣವ್ವನೂ ಬಂದರು. ಸೊಂಟದ ಪಂಪಿಗೆ ಕೈ ಹಾಕಿದರೆ ನೀಲಾ ನನ್ನ ಕೈ ತಳ್ಳಿದಳು.

"ಬ್ಯಾಡ. ನೀ ಅಕ್ಕ ಅಂತ ನಂಬೀನಿ. ನೀ ಹೇಳೂದನ್ನ ಹೆಂಗ ನಂಬ್ಲಿ? ನಿಮ್ಮ ಟಿವ್ಯಾಗ ಬಂದ್ ಮಾಡಂದ್ರು. ನೀ ಚಾಲೂ ಮಾಡಂತಿ."

"ಅದನ್ನ ತಿದ್ದೇವಿ. ನೋಡು, ಮೊದಲನೇ ಸುದ್ದೀನ ಐತಿ," ಎಂದು ಟಿವಿ ಹಚ್ಚಿದೆ.

ಬಿಳಿ ಕೋಟಿನ ಹುಡುಗಿ ಹುಬ್ಬು ಗಂಟಿಕ್ಕಿ ನೇರ ನಮ್ಮನ್ನೇ ನೋಡಿದಳು. ಅವಳ ಹಿಂದೆ ಕರಿ ಟೊಪ್ಪಿಗೆಯ ಕಳ್ಳ ನಿಂತಿದ್ದ. "ಇನ್ಸುಲಿನ್ ಪಂಪ್‌ಗೆ ಯಾವ ಅಪಾಯವೂ ಇಲ್ಲ?" ಎಂದಳು. "ಬಂದ್ ಮಾಡಬೇಡಿ ಎಂದು ಹೇಳುತ್ತಿರುವುದು ಯಾರು?"

ಯಂತ್ರ ಸುಳ್ಳು ಹೇಳಿರಲಿಲ್ಲ. ಪ್ರಶ್ನೆ ಕೇಳಿತ್ತು, ಅಷ್ಟೇ. ಪ್ರಶ್ನೆ ಸುಳ್ಳಾಗುವುದು ಹೇಗೆ? ನನ್ನ ಸಾಲು ಯಾಕೆ ಮೇಲೆ ಹಾರಿತು ಎಂದು ಆಗ ತಿಳಿಯಿತು.

"ನೋಡು," ಎಂದಳು ನೀಲಾ ಕಣ್ಣು ಮುಚ್ಚಿ. "ನಿಮ್ಮವರ ಕೇಳಾಕತ್ತಾರ, ಯಾರು ಅಂತ."

ಟಿವಿ ಆರಿಸಿ ಅವಳ ಮುಂದೆ ನೆಲದ ಮೇಲೆ ಕೂತೆ. "ಯಾರಂದ್ರ ನಾನ. ಪಂಪ್ ಅಂತ ಬರದಾಕಿ ನಾನು, ನೀಲಾ. ಹೊಲದ್ದು ಅಂತ ಬರೀಬೇಕಿತ್ತು, ಬರೀಲಿಲ್ಲ. ತಪ್ಪು ಮಾಡೀನಿ. ಜಿಗಣಿ ಇಲ್ಲ, ಏನೂ ಇಲ್ಲ. ನನ್ನ ತಪ್ಪಿನ ಸಲುವಾಗಿ ನೀ ಸಾಯಾಕತ್ತೀ."

ನೀಲಾ ಕಣ್ಣು ತೆರೆದು ನನ್ನ ಮುಖ ನೋಡಿದಳು. "ನಿಮ್ಮ ಟಿವ್ಯಾಗ ಒಮ್ಮೇನೂ ತಪ್ಪ ಮಾಡೇವಿ ಅಂದಿದ್ದು ಕೇಳಿಲ್ಲ," ಎಂದಳು. "ನೀ ಟಿವಿ ಆಗಿದ್ರ ಹಂಗ ಅಂತಿದ್ದಿಲ್ಲ." ಸೊಂಟದ ಮೇಲಿನ ಸೆರಗು ಸರಿಸಿದಳು.

ಪಂಪ್ ಚಾಲೂ ಮಾಡಿದೆ. ದ್ರಾಕ್ಷಾಯಣವ್ವ ನೀರು ಕುಡಿಸುತ್ತ ಮಗನಿಗೆ ಆಟೋ ತರಲು ಕೂಗಿ ಹೇಳಿದರು, ಆಸ್ಪತ್ರೆಗೆ ತಾವೇ ಕರೆದೊಯ್ಯುತ್ತೇನೆಂದರು. ನಾನು ಇಮ್ತಿಯಾಜನಿಗೆ ಫೋನ್ ಹಚ್ಚಿದೆ.

"ಇಮ್ತಿಯಾಜ್, ವಾಯರ್ ಕಿತ್ತು ಒಗಿ. ಈಗಿಂದೀಗ. ಆ ಸಾಲನ್ನ ಪ್ರಶ್ನಿ ಮಾಡಿ ಬಿಟ್ಟೈತಿ ಅದು."

ಅವನ ಹಿಂದೆ ಯಂತ್ರಗಳ ಗುಂಯ್ ಕೇಳಿಸುತ್ತಿತ್ತು.

"ಸಿಟ್ಟಾಗಬ್ಯಾಡ್ರಿ," ಎಂದ. "ಮೇಡಂ ನನ್ನ ಎದುರಿಗೆ ನಿಂತು ವಾಯರ್ ಬ್ಯಾಡ ಅಂದು ಹೋಗ್ಯಾರ್ರಿ. ನೀವು ಫೋನಿನ್ಯಾಗ ಕಿತ್ತು ಒಗಿ ಅಂತೀರಿ. ದನಿ ಅವರದ ಐತಿ, ಖರೆ. ನಾ ಯಾರ್ನ ನಂಬ್ಲಿ?"

ನಾನು ಏನೇನೋ ಹೇಳಿದೆ. ನೀಲಾ ಫೋನ್ ಕಸಿದುಕೊಂಡು, "ಆಕೀನರಿ, ನಾ ಆಕಿ ತಂಗಿ," ಎಂದಳು.

"ನೀವ್ಯಾರೋ ನನಗ ಗೊತ್ತಿಲ್ರಿ ಅಕ್ಕಾರ," ಎಂದು ಅವನು ಮೆಲ್ಲಗೆ ಫೋನಿಟ್ಟ.

ನೀಲಾ ನನ್ನ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. ಈಗ ಬಿಟ್ಟಳು. "ಎದ್ದೇಳು ಅಕ್ಕಾ," ಎಂದಳು. "ನನಗಂತೂ ನೀ ಬಂದಿ. ನನ್ನಂಗ ಪಂಪ್ ಇರೋ ಉಳಿದವರ ಮನಿಗೆ ಯಾರೂ ಬರಂಗಿಲ್ಲ."

ಕಾರಿನ ಕೀಲಿ ಹುಡುಕಿಕೊಂಡು ಎದ್ದೆ. ಹುಬ್ಬಳ್ಳಿ ಮುಟ್ಟಿ, ನೆಲಮಾಳಿಗೆಗೆ ಇಳಿದು, ಇಮ್ತಿಯಾಜನ ಕೈ ಹಿಡಿಯಲು ಇನ್ನೂ ಒಂದೂವರೆ ತಾಸು ಬೇಕು. ಅಲ್ಲಿಯವರೆಗೆ ನಾಲ್ಕು ಸಾವಿರ ಮನೆಯವರು ಬದುಕಿರಬೇಕು.